ಹಲ್ಲಿನ ಡಾಕ್ಟರಾಗಲು ಇನ್ನೊಂದು ವರ್ಷ

ದೇವಸಮುದ್ರ ಹೋಬಳಿಯಲ್ಲಿ ಮರುಬಿತ್ತನೆ ಎಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮೊದಲ ಹದಕ್ಕೆ ಹಾಕಿದ ಶೇಂಗಾ ಒಣಗಿದರೆ ಮತ್ತೆ ಬೀಜ ತರುವುದೋ, ಇಲ್ಲ ಹುರುಳಿ ಚೆಲ್ಲಿ ಸುಮ್ಮನಾಗುವುದೋ ಎಂಬುದನ್ನು ಬದುವಿನ ಮೇಲೆ ನಿಂತೇ ತೀರ್ಮಾನಿಸುತ್ತಾರೆ. ಈಚೆಗೆ ಜೂನ್ ಬಂತೆಂದರೆ ಅದೇ ಪ್ರಶ್ನೆ ಮನೆಯೊಳಕ್ಕೂ ಬರುತ್ತಿದೆ. ನೀಟ್ ಫಲಿತಾಂಶ ಬಂದಿರುತ್ತದೆ. ಎಂಬಿಬಿಎಸ್ ಮಾತೇ ಇಲ್ಲ, ಬಿಡಿಎಸ್ ಸಿಕ್ಕರೆ ಸಿಕ್ಕೀತು. ‘ಇನ್ನೊಂದ್ಸಲ ಬರೀತೀನಪ್ಪ’ ಎನ್ನುತ್ತಾಳೆ ಮಗಳು. ‘ಲಾಂಗ್ ಟರ್ಮ್ ಕೋಚಿಂಗ್‌ಗೆ ಎಷ್ಟಂತೆ?’ ಎಂದು ಅಪ್ಪ ಕೇಳುತ್ತಾನೆ.

ಪರೀಕ್ಷೆಯ ನಿಯಮವಂತೂ ಯಾರನ್ನೂ ತಡೆಯುವುದಿಲ್ಲ. 17 ತುಂಬಿರಬೇಕು, ಅಷ್ಟೇ. ಗರಿಷ್ಠ ವಯಸ್ಸಿಲ್ಲ, ಎಷ್ಟು ಸಲ ಬರೆಯಬಹುದೆಂಬ ಮಿತಿಯೂ ಇಲ್ಲ. ಆದ್ದರಿಂದ ನಿಲ್ಲಿಸುವ ಕೆಲಸವೂ ಮನೆಯವರದೇ.

ದಂತ ವೈದ್ಯಕೀಯದ ಮಟ್ಟಿಗೆ ಅರ್ಹತೆ ಪಡೆಯುವುದು ದೊಡ್ಡ ಸಂಗತಿಯಲ್ಲ. 2020–21ನೇ ಸಾಲಿನಲ್ಲಿ ದೇಶದಲ್ಲಿ ಸುಮಾರು 7,000 ಬಿಡಿಎಸ್ ಸೀಟು ಖಾಲಿ ಉಳಿದವು. ಅರ್ಹತೆಯ ಪರ್ಸೆಂಟೈಲನ್ನು 10ರಷ್ಟು ಇಳಿಸುವಂತೆ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಹೇಳಬೇಕಾಯಿತು. ಹಾಗೆ ಖಾಲಿ ಉಳಿದ ಸೀಟುಗಳಲ್ಲಿ ಸರ್ಕಾರಿ ಕಾಲೇಜುಗಳವು 265 ಮಾತ್ರ. ಅಂದರೆ ಬಿಡಿಎಸ್‌ಗಾಗಿ ಮತ್ತೆ ನೀಟ್ ಬರೆಯುವುದು ಪಾಸಾಗಲಿಕ್ಕಲ್ಲ, ಫೀಸು ಇಳಿಸಿಕೊಳ್ಳಲಿಕ್ಕೆ. ಇದನ್ನು ಬಾಯಿಬಿಟ್ಟು ಹೇಳಿಕೊಂಡರೆ ಅಪ್ಪ–ಮಗಳ ಮಾತು ಸಲೀಸಾಗುತ್ತದೆ.

ಇಲ್ಲಿಯವರಿಗೆ ಇನ್ನೊಂದು ತೊಡಕಿದೆ. ಸರ್ಕಾರಿ ದಂತ ಕಾಲೇಜು ಹತ್ತಿರದಲ್ಲೇ, ಬಳ್ಳಾರಿಯಲ್ಲಿದೆ. ಆದರೆ ಬಳ್ಳಾರಿ ಕಲ್ಯಾಣ ಕರ್ನಾಟಕಕ್ಕೆ ಸೇರಿದ್ದು. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಅಲ್ಲಿನ ಸೀಟುಗಳಲ್ಲಿ ಶೇ 70ರಷ್ಟು ಪಾಲು ಆ ಭಾಗದವರಿಗೆ. ದೇವಸಮುದ್ರ ಇರುವ ಮೊಳಕಾಲ್ಮುರು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ಬಿಸಿಲು ಒಂದೇ, ಶೇಂಗಾ ಒಂದೇ, ಸಂತೆಗೆ ಹತ್ತುವ ಬಸ್ಸೂ ಒಂದೇ. ಗಡಿಕಲ್ಲು ಮಾತ್ರ ಬೇರೆ. ಮಿಕ್ಕ ಪಾಲಿನಲ್ಲಿ ಇಡೀ ರಾಜ್ಯದವರೊಡನೆ ಪೈಪೋಟಿ. ಅದಕ್ಕೇ ಹೇಳುವುದು, ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಸಿಗುವ ಶೇ 15ರ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಶೇ 5, ಇವನ್ನು ಕೈಬಿಡಬಾರದು. ನಾಯಕ ಸಮುದಾಯ ಹೆಚ್ಚಿರುವ ಈ ಸೀಮೆಗೆ 2022ರಲ್ಲಿ ಪರಿಶಿಷ್ಟ ಪಂಗಡದ ಪಾಲು ಶೇ 3ರಿಂದ 7ಕ್ಕೆ ಏರಿದ್ದೂ ಸಣ್ಣ ಮಾತಲ್ಲ. ಗ್ರಾಮೀಣ, ಕನ್ನಡ ಮಾಧ್ಯಮದ ಸರ್ಟಿಫಿಕೇಟಿಗೆ ಬಿಇಒ ಸಹಿ ಹಾಕಿಸದೆ ಇದ್ದವರಿಗೆ ಪರೀಕ್ಷೆಗಿಂತ ಮೊದಲು ಆ ಕಚೇರಿಯ ದಾರಿಯೇ ಸರಿ.

ಅಂಕ ನೋಡಿ ತೀರ್ಮಾನಿಸುವವರು ಮೋಸಹೋಗುತ್ತಾರೆ. 2024ರ ಮೊದಲ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720 ಬಂದಿತ್ತು. 2025ರಲ್ಲಿ ದೇಶಕ್ಕೆ ಮೊದಲು ಬಂದವರಿಗೂ 686. ಸಾಮಾನ್ಯ ವರ್ಗದ ಅರ್ಹತಾ ಅಂಕ 162ರಿಂದ 144ಕ್ಕೆ ಇಳಿಯಿತು. ಕಳೆದ ವರ್ಷದ ಅಕ್ಕ ಇಷ್ಟೇ ಅಂಕಕ್ಕೆ ಸೀಟು ತಗೊಂಡಳು ಎಂಬ ಹೋಲಿಕೆಗೆ ಅರ್ಥವಿಲ್ಲ. ನೋಡಬೇಕಾದ್ದು ರ‍್ಯಾಂಕು. ಅದೂ ತನ್ನ ವರ್ಗದೊಳಗಿನದು.

ರ‍್ಯಾಂಕಿನ ನಂತರ ಮಾಡಬೇಕಾದ ಕೆಲಸ ಒಂದು ಹಳೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಮುಗಿಯುತ್ತದೆ. ಓಎಂಆರ್ ಹಾಳೆಯನ್ನೂ ಕೀ ಉತ್ತರವನ್ನೂ ಪಕ್ಕಪಕ್ಕ ಇಟ್ಟು ತಪ್ಪುಗಳನ್ನು ಮೂರು ಸಾಲಾಗಿ ಬರೆಯಬೇಕು: ಗೊತ್ತೇ ಇರದಿದ್ದವು, ಊಹೆ ಮಾಡಿದವು, ಗೊತ್ತಿದ್ದೂ ಕೆಟ್ಟವು. 180 ಪ್ರಶ್ನೆಯಲ್ಲಿ 100 ಸರಿ, 70 ತಪ್ಪು, 10 ಬಿಟ್ಟದ್ದು ಎಂದಿಟ್ಟುಕೊಳ್ಳಿ. 400ರಲ್ಲಿ 70 ಹೋಗಿ 330. ಗೊತ್ತಿದ್ದೂ ಕೆಟ್ಟ ಒಂದೊಂದು ಪ್ರಶ್ನೆಯೂ ಬರಬೇಕಾದ 4, ಕಳೆದುಹೋದ 1, ಒಟ್ಟು 5 ಅಂಕ ತಿಂದಿರುತ್ತದೆ. ಮೂರನೇ ಸಾಲಿನಲ್ಲಿ 20 ಇದ್ದರೆ 100 ಅಂಕ ಅಲ್ಲೇ ಇದೆ. ಅಂಥವರು ಮತ್ತೆ ಬರೆಯಲಿ. ಮೊದಲ ಸಾಲೇ ಪುಟ ತುಂಬಿದ್ದರೆ, ಅದೂ ಭೌತವಿಜ್ಞಾನದಿಂದಲೇ ತುಂಬಿದ್ದರೆ, ಒಂದು ವರ್ಷದ ಕೋಚಿಂಗ್ ಅದನ್ನು ಬರಿದು ಮಾಡುತ್ತದೆಂದು ನನಗಂತೂ ನಂಬಿಕೆಯಿಲ್ಲ. ಮೂರನೆಯ ಸಲದ ಮಾತಂತೂ ಬೇಡವೇ ಬೇಡ.

ಎಂಬಿಬಿಎಸ್ ಸಿಗದ್ದಕ್ಕೆ ಬಿಡಿಎಸ್ ಎನ್ನುವವರ ಮಾತು ಬೇರೆ. ಹಲ್ಲಿನ ಡಾಕ್ಟರೇ ಆಗಬೇಕೆನ್ನುವವರೂ ಇಲ್ಲಿ ಇದ್ದಾರೆ, ಅದಕ್ಕೆ ಕಾರಣವೂ ಇದೆ. ಬೋರ್‌ವೆಲ್ ನೀರಿನ ಫ್ಲೋರೈಡ್ ಈ ಜಿಲ್ಲೆಯ ಹಳೇ ಪೀಡೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿದು ಬೆಳೆದ ಮಕ್ಕಳಿಗೆ ಹಲ್ಲು ಒಸಡಿನೊಳಗಿರುವಾಗಲೇ ಎನಾಮಲ್ ಕೆಡುತ್ತದೆ. ಹೊರಗೆ ಬರುವ ಹೊತ್ತಿಗೆ ಕಂದು ಪಟ್ಟೆ. ಎಷ್ಟು ತಿಕ್ಕಿದರೂ ಹೋಗದು. ಫೋಟೊಗೆ ನಿಂತಾಗ ತುಟಿ ಬಿಗಿಹಿಡಿದು ನಗುವುದನ್ನು ಹುಡುಗಿಯರು ಹೈಸ್ಕೂಲಿನಲ್ಲೇ ಕಲಿತಿರುತ್ತಾರೆ. ಆ ನಗುವಿನ ಕಾರಣಕ್ಕೆ ಬಿಡಿಎಸ್ ಕೇಳುವ ಮಗುವಿಗೆ ಕೈಗೆಟುಕುವ ಫೀಸಿನ ಸೀಟು ಮೊದಲ ಸಲವೇ ಬಂದರೆ, ಎಂಬಿಬಿಎಸ್ ಆಸೆ ತೋರಿಸಿ ಅದನ್ನು ಬಿಡಿಸುವುದು ಮನೆಯವರ ದಡ್ಡತನ.

ನೋಟ್‌ಬುಕ್ಕಿನ ಹಾಳೆಯನ್ನು ಅಪ್ಪನ ಮುಂದಿಟ್ಟರೆ ಆತನಿಗೆ ಪ್ರಶ್ನೆಗಳು ಅರ್ಥವಾಗಬೇಕಿಲ್ಲ. ಮೂರನೇ ಸಾಲಿನ ಮೇಲೆ ಬೆರಳಿಟ್ಟು ಎಣಿಸುತ್ತಾನೆ. ‘ಇವಿಷ್ಟೂ ಗೊತ್ತಿದ್ದವೇನವ್ವ?’