ಚೀಟಿ ಕೈಗೆ ಬರುವವರೆಗೂ ಕದಲಬೇಡ!

ನಮ್ಮದು ಕನಕಪುರದ ಹತ್ತಿರದ ಹಳ್ಳಿ. ಮನೆಯಲ್ಲಿ ರೇಷ್ಮೆ ಬೆಳೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋದಾಗೆಲ್ಲ ಅಪ್ಪ ಹೇಳುತ್ತಿದ್ದರು: ‘ಗೂಡು ಸುರಿದ್ರೆ ಮುಗೀಲಿಲ್ಲ ಕಣೋ, ತೂಕದ ಚೀಟಿ ಕೈಗೆ ಬರೋವರೆಗೂ ಕದಲಬೇಡ.’ ಬಿ.ಇ. ಐದನೇ ಸೆಮಿಸ್ಟರ್‌ನಲ್ಲಿ ಈ ಮಾತು ಮರೆತೆ, ಕೆಟ್ಟೆ.

ಚನ್ನಪಟ್ಟಣ, ಮಾಗಡಿಯ ಇಬ್ಬರು ಗೆಳೆಯರೊಂದಿಗೆ ಮಿನಿ ಪ್ರಾಜೆಕ್ಟ್ ಮಾಡಿದ್ದೆ. ಗೂಡಿನ ದರವನ್ನು ದಿನವೂ ಫೈಲಿಗೆ ಬರೆದಿಡುವ ಸಿ ಪ್ರೋಗ್ರಾಂ. ಫೈಲ್ ಓಪನ್ ಆಯಿತಾ, ರೈಟ್ ಆಯಿತಾ ಎಂದೆಲ್ಲ ಪರೀಕ್ಷಿಸಿದ್ದೆ. ಕ್ಲೋಸ್ ಮಾತ್ರ ಬಿಟ್ಟಿದ್ದೆ. ಮುಚ್ಚುವುದರಲ್ಲಿ ಏನು ತಪ್ಪಾದೀತು? ಡೆಮೊ ದಿನ ಪರದೆಯ ಮೇಲೆ ‘ಉಳಿಸಲಾಗಿದೆ’ ಎಂದು ಬಂತು. ತೆರೆದು ನೋಡಿದರೆ ಫೈಲ್ ಖಾಲಿ! ಮೂವರ ಅಂಕಕ್ಕೂ ಕತ್ತರಿ.

ಲ್ಯಾಬ್‌ನಲ್ಲಿ ನಮ್ಮ ಫೈಲುಗಳಿರುವುದು ಎನ್‌ಎಫ್‌ಎಸ್ ಮೂಲಕ ಬೇರೊಂದು ಸರ್ವರ್‌ನಲ್ಲಿ. ರೈಟ್ ‘ಆಯಿತು’ ಎಂದಾಗ ಮಾಹಿತಿ ನಮ್ಮ ಕಂಪ್ಯೂಟರಿನ ಮೆಮೊರಿಗಷ್ಟೇ ಸೇರಿರಬಹುದು. ಎಷ್ಟೋ ಸಲ ಅದು ಸರ್ವರ್‌ಗೆ ಹೊರಡುವುದು ಕ್ಲೋಸ್ ಮಾಡುವಾಗಲೇ. ಅಲ್ಲಿ ನನ್ನ ಕೋಟಾ ತುಂಬಿತ್ತು. ಕ್ಲೋಸ್ ‘-1’ ಎಂದು ಕೂಗಿ ಹೇಳಿತ್ತು, ನಾನೇ ಕೇಳಿಸಿಕೊಂಡಿರಲಿಲ್ಲ.

ಸರಿಪಡಿಸಲು ಹೋಗಿ ಇನ್ನೊಂದು ತಪ್ಪು ಮಾಡಿದೆ. ಯಶಸ್ವಿಯಾಗುವವರೆಗೂ ಕ್ಲೋಸ್ ಅನ್ನು ಲೂಪ್‌ನಲ್ಲಿ ಹಾಕಿದೆ. ಸೀನಿಯರ್ ಒಬ್ಬರು ನಕ್ಕು, ‘ಹಾಸ್ಟೆಲ್ ರೂಮ್ ಬಿಟ್ಟ ಮೇಲೆ ಅದೇ ನಂಬರ್ ಬೇರೆಯವನಿಗೆ ಸಿಕ್ಕಿರುತ್ತೆ. ನೀನು ವಾಪಸ್ ಹೋಗಿ ಬೀಗ ಹಾಕಿದ್ರೆ ಒಳಗಿದ್ದೋನ ಗತಿ?’ ಎಂದರು. ಲಿನಕ್ಸ್‌ನಲ್ಲಿ ಕ್ಲೋಸ್ ಎರರ್ ಕೊಟ್ಟರೂ ಫೈಲಿನ ನಂಬರ್ ಆಗಲೇ ಬಿಡುಗಡೆಯಾಗಿರುತ್ತದೆ. ಆ ನಂಬರ್ ಇನ್ನೊಂದು ಥ್ರೆಡ್‌ಗೆ ಸಿಕ್ಕಿದ್ದರೆ, ಎರಡನೇ ಸಲ ಮುಚ್ಚುವುದು ಅದರ ಫೈಲನ್ನು! ಸಿಗ್ನಲ್‌ನಿಂದ ಕ್ಲೋಸ್ ಅರ್ಧಕ್ಕೆ ನಿಂತರೆ ಎಚ್‌ಪಿ-ಯುಎಕ್ಸ್‌ನಲ್ಲಿ ಮಾತ್ರ ಫೈಲ್ ತೆರೆದೇ ಇರುತ್ತದೆ, ಮತ್ತೆ ಮುಚ್ಚಬೇಕು. ಫ್ರೀಬಿಎಸ್‌ಡಿ ಲಿನಕ್ಸ್‌ನ ದಾರಿಯಲ್ಲೇ ಇದೆ. ಎಲ್ಲವೂ ಯುನಿಕ್ಸ್ ಬಳಗವೇ, ನಡತೆ ಮಾತ್ರ ಬೇರೆ.

ಈಗ ನಾನು ಮೊದಲು ಎಫ್‌ಸಿಂಕ್ ಕರೆದು ಅದರ ಉತ್ತರ ನೋಡುತ್ತೇನೆ. ಆಮೇಲೆ ಒಂದೇ ಸಲ ಕ್ಲೋಸ್, ಅದರ ಉತ್ತರವನ್ನೂ ನೋಡುತ್ತೇನೆ. ಎರಡೂ ಸರಿಯಿದ್ದರೆ ಮಾತ್ರ ‘ಉಳಿಸಲಾಗಿದೆ’. ಇಲ್ಲದಿದ್ದರೆ ‘ಉಳಿಯಲಿಲ್ಲ’ ಎಂದು ನೇರವಾಗಿ ಹೇಳಿ, ಹಳೆಯ ಪ್ರತಿಯನ್ನು ಹಾಗೇ ಇಟ್ಟುಕೊಳ್ಳುತ್ತದೆ ನಮ್ಮ ಪ್ರೋಗ್ರಾಂ.

ಮೊನ್ನೆ ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ‘ಚೀಟಿ ನೋಡು ಅಂತ ನಾನು ಹೇಳಿರಲಿಲ್ವಾ?’ ಎಂದರು.