ಹಬಸಿ ದೇಶದ ಹಾಡೂ ಕಲಬುರಗಿಯ ತತ್ವಪದವೂ

ಪರದೇಶದ ವಾದ್ಯವೂ ತಾಳವೂ ನಮ್ಮ ಹಾಡಿನಲ್ಲಿ ಬೆರೆಯಬಹುದೆ, ಬೆರೆತರೆ ನಮ್ಮತನವು ಉಳಿಯುವುದೆ ಎಂಬ ಪ್ರಶ್ನೆಯು ಕೇವಲ ಪಂಡಿತರ ಚರ್ಚೆಯಲ್ಲ. ಕಲಬುರಗಿ ನಗರದ ಸಭೆಗಳಲ್ಲಿಯೂ ಕಮಲಾಪುರದ ಸುತ್ತಣ ಹಳ್ಳಿಗಳ ಜಾತ್ರೆಗಳಲ್ಲಿಯೂ ಏಕತಾರಿಯ ಸ್ಥಳವನ್ನು ವಿದ್ಯುತ್ ಕೀಬೋರ್ಡೂ ತಾಳದ ಸ್ಥಳವನ್ನು ಯಂತ್ರವೂ ಆಕ್ರಮಿಸುತ್ತಿರುವಾಗ ಅದು ಭಜನೆಯ ಪ್ರತಿಯೊಂದು ಮೇಳದ ಪ್ರಶ್ನೆಯಾಗಿದೆ. ಇದನ್ನು ಅಪಚಾರವೆನ್ನುವ ಹಿರಿಯರುಂಟು, ಕಾಲಧರ್ಮವೆನ್ನುವ ತರುಣರುಂಟು. ಉಭಯ ಪಕ್ಷದವರೂ ವಿಚಾರಿಸತಕ್ಕ ದೃಷ್ಟಾಂತವೊಂದು ಹಬಸಿ ದೇಶವೆಂದು ನಮ್ಮ ಪೂರ್ವಿಕರು ಕರೆದ ಇಥಿಯೋಪಿಯದಲ್ಲಿದೆ.

ಹಬಸಿಗಳು ನಮ್ಮ ಸೀಮೆಗೆ ಅಪರಿಚಿತರಲ್ಲ. 1347ರಲ್ಲಿ ಸ್ಥಾಪಿತವಾದ ಬಹಮನೀ ರಾಜ್ಯಕ್ಕೆ ಕಲಬುರಗಿಯೇ ರಾಜಧಾನಿಯಾಗಿತ್ತು. ರಾಜಧಾನಿಯು ಬೀದರಿಗೆ ಹೋದ ಬಳಿಕ, 15ನೆಯ ಶತಮಾನದ ಅಂತ್ಯದಲ್ಲಿ, ಕಲಬುರಗಿ ಪ್ರಾಂತದ ಅಧಿಕಾರವನ್ನು ಹಿಡಿದಿದ್ದ ದಸ್ತೂರ್ ದೀನಾರನು ಹಬಸಿ ಸರದಾರನು. 1626ರಲ್ಲಿ ಗತಿಸಿದ ಮಲಿಕ್ ಅಂಬರನೂ ಆ ದೇಶದವನೇ. ಚರಿತ್ರಕಾರರು ಇವರ ಖಡ್ಗವನ್ನು ಕೊಂಡಾಡಿದರು; ಇವರ ಹಾಡನ್ನು ಬರೆದಿಡಲಿಲ್ಲ.

ಆ ಹಾಡಿನ ಸ್ವರೂಪವೇನು? ಐದು ಸ್ವರಗಳ ಮೇಳಗಳೇ ಅದಕ್ಕೆ ಆಧಾರ. ತಿಜಿತಾ, ಬಾತಿ, ಅಂಬಾಸೆಲ್, ಆಂಚಿಹೊಯೆ ಎಂಬ ನಾಲ್ಕು ಅವುಗಳಲ್ಲಿ ಮುಖ್ಯವಾದವು. ತಿಜಿತಾದ ಒಂದು ಪ್ರಭೇದದ ಸ್ವರಗಳು ನಮ್ಮ ಭೂಪಾಲಿಯ ಸ್ವರಗಳೇ ಆಗಿವೆ. ಅಲ್ಲಿಯ ಅಜ್ಮಾರಿಗಳೆಂಬ ಗಾಯಕರು ಮಸಿಂಕೊ ಎಂಬ ಒಂದೇ ತಂತಿಯ ವಾದ್ಯವನ್ನು ಕಮಾನಿನಿಂದ ನುಡಿಸುತ್ತ ಹಾಡುವರು. ಮೇಲೊಂದು ಅರ್ಥ, ಒಳಗೊಂದು ಅರ್ಥ ಇರುವ ಪದ್ಯರಚನೆಗೆ ಆ ಜನರು ‘ಮೇಣ ಮತ್ತು ಚಿನ್ನ’ ಎಂದು ಹೆಸರಿಟ್ಟಿದ್ದಾರೆ. ಕಡಕೋಳದ ಮಡಿವಾಳಪ್ಪನವರ ಮತ್ತು ಅವರ ಶಿಷ್ಯಪರಂಪರೆಯ ತತ್ವಪದಗಳನ್ನು ಕೇಳಿದ ನಮ್ಮ ವಾಚಕರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾದುದಿಲ್ಲ.

1924ರಲ್ಲಿ ರಾಜಪ್ರತಿನಿಧಿ ತಫಾರಿಯು, ಅಂದರೆ ಮುಂದೆ ಚಕ್ರವರ್ತಿಯಾದ ಹೈಲೆ ಸೆಲಾಸಿಯು, ಜೆರುಸಲೇಮಿನಿಂದ ಆರ್ಮೇನಿಯದ 40 ಮಂದಿ ಅನಾಥ ಬಾಲಕರನ್ನು ಕರೆತಂದು ಬ್ಯಾಂಡಿನ ಮೇಳವನ್ನು ಕಟ್ಟಿಸಿದನು. ಹೀಗೆ ಹಿತ್ತಾಳೆಯ ವಾದ್ಯಗಳಿಗೆ ಆ ನೆಲದಲ್ಲಿ ಬೇರು ಹತ್ತಿತು. 1943ರಲ್ಲಿ ಜಿಮ್ಮಾ ಪಟ್ಟಣದಲ್ಲಿ ಹುಟ್ಟಿದ ಮುಲಾತು ಅಸ್ತಾಟ್ಕೆ ಎಂಬವರು ಲಂಡನ್ನಿನಲ್ಲಿಯೂ ಅಮೆರಿಕದ ಬೋಸ್ಟನ್ನಿನಲ್ಲಿಯೂ ಸಂಗೀತವನ್ನು ಕಲಿತು, 1966ರಲ್ಲಿ ನ್ಯೂಯಾರ್ಕಿನಲ್ಲಿ ತಮ್ಮ ಮೇಳದ ಧ್ವನಿಮುದ್ರಿಕೆಗಳನ್ನು ಹೊರಡಿಸಿದರು. ಸ್ವದೇಶದ ಪಂಚಸ್ವರಗಳು, ನೀಗ್ರೋ ಜನರು ಅಮೆರಿಕದಲ್ಲಿ ನಿರ್ಮಿಸಿದ ಜಾಝ್, ಕ್ಯೂಬಾ ಮೊದಲಾದ ಲ್ಯಾಟಿನ್ ಸೀಮೆಗಳ ತಾಳ, ಈ ಮೂರೂ ಅವರಲ್ಲಿ ಕೂಡಿದವು. ಆ ಲ್ಯಾಟಿನ್ ತಾಳವಾದರೂ ಗುಲಾಮರಾಗಿ ಒಯ್ಯಲ್ಪಟ್ಟ ಆಫ್ರಿಕದವರ ಕೈಯಿಂದಲೇ ಹುಟ್ಟಿತು. ಆದುದರಿಂದ ಅದು ಆಫ್ರಿಕಕ್ಕೆ ಬಂದುದು ತೌರಿಗೆ ಬಂದಂತೆಯೇ ಸರಿ.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ಜಾಝ್ ಪದ್ಧತಿಯಲ್ಲಿ ಹನ್ನೆರಡು ಸ್ವರಗಳಿಗೂ ಪ್ರವೇಶವುಂಟು. ಹಲವನ್ನು ಏಕಕಾಲಕ್ಕೆ ನುಡಿಸುವುದೂ ಉಂಟು. ಐದೇ ಸ್ವರಗಳ ಹಾಡಿಗೆ ಇದನ್ನು ಎಗ್ಗಿಲ್ಲದೆ ಸೇರಿಸಿದರೆ ಹಾಡಿನ ಮುಖವೇ ಅಳಿಸಿಹೋಗುವುದು. ಭೂಪಾಲಿಯಲ್ಲಿ ಮಧ್ಯಮ, ನಿಷಾದಗಳನ್ನು ನುಗ್ಗಿಸಿದರೆ ಭೂಪಾಲಿಯು ಎಲ್ಲಿಯದು? ಈ ಅಪಾಯವನ್ನು ಅರಿತು ಮುಲಾತು ಅವರು ಸ್ವದೇಶದ ಮೇಳವನ್ನು ಯಜಮಾನನ ಪೀಠದಲ್ಲಿ ಕೂಡಿಸಿ, ಪರದೇಶದ ಸ್ವರಸಂಗತಿಯನ್ನು ಅತಿಥಿಯಂತೆ ನಡೆಯಿಸಿಕೊಂಡರು. 1974ರ ಕ್ರಾಂತಿಯ ತರುವಾಯ ರಾತ್ರಿಯ ನಿರ್ಬಂಧಗಳಿಂದ ಅಲ್ಲಿಯ ಸಂಗೀತಗೃಹಗಳು ಮುಚ್ಚಿದವು. ಆದರೆ 1998ರಲ್ಲಿ ಫ್ರಾನ್ಸಿನಲ್ಲಿ ಪುನಃ ಪ್ರಕಟವಾದ ಅವರ ಮುದ್ರಿಕೆಗಳು ಲೋಕದ ಕಿವಿಯನ್ನು ಸೆಳೆದವು.

ಹೊಸದೆಂಬ ಮಾತ್ರಕ್ಕೆ ಹೊಸದನ್ನು ದೂರಬೇಕೆಂದು ನಾವು ಹೇಳುವುದಿಲ್ಲ. ಇಂದು ಭಜನೆಯ ಮನೆಯ ಮಗಳಂತಿರುವ ಹಾರ್ಮೋನಿಯಂ, 1842ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದ ಯುರೋಪಿನ ಪೆಟ್ಟಿಗೆ. 1940ರಲ್ಲಿ ಭಾರತದ ರೇಡಿಯೋ ಇಲಾಖೆಯು ಅದಕ್ಕೆ ಹಾಕಿದ ಬಹಿಷ್ಕಾರವು 1971ರವರೆಗೆ ಸಡಿಲವಾಗಲಿಲ್ಲ. ಅಷ್ಟು ಕಾಲವೂ ಹಳ್ಳಿಯ ಭಜನೆಯಿಂದ ಅದನ್ನು ಹೊರಗಟ್ಟಲು ಯಾರಿಗೂ ಸಾಧ್ಯವಾಗಲಿಲ್ಲ. ನಿಷೇಧದಿಂದ ಸಂಗೀತದ ರಕ್ಷಣೆಯಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆದರೆ ಮುಲಾತು ಅವರ ದೃಷ್ಟಾಂತವನ್ನು ತಮಗೆ ಅನುಕೂಲವೆಂದು ಹಿಡಿಯುವ ತರುಣರು ಅದರ ಮೊದಲ ಅರ್ಧವನ್ನೂ ಓದಬೇಕು. ಬೆರಸಿದವನು ತನ್ನದೇನೆಂಬುದನ್ನು ಬಲ್ಲವನಾಗಿದ್ದನು. ತತ್ವಪದದ ಧಾಟಿಯನ್ನು ಗುರುಮುಖದಿಂದ ಕಲಿಯದೆ, ಪದದ ಒಳಗಿನ ಅರ್ಥಕ್ಕಾಗಿ ಎಲ್ಲಿ ನಿಲ್ಲಬೇಕೆಂಬುದನ್ನು ಅರಿಯದೆ, ನಿಲ್ಲಲೊಲ್ಲದ ಯಂತ್ರದ ತಾಳಕ್ಕೆ ಅದನ್ನು ಕಟ್ಟಿದರೆ ಮೇಣವು ಉಳಿದೀತು, ಚಿನ್ನವು ಕರಗೀತು.

ಆದುದರಿಂದ ಮೊದಲು ಆಗಬೇಕಾದ ಕಾರ್ಯವು ಸ್ಪಷ್ಟವಾಗಿದೆ. ಕಮಲಾಪುರ ತಾಲೂಕಿನಲ್ಲಿಯೂ ಸುತ್ತಮುತ್ತಲೂ ಹಳೆಯ ಧಾಟಿಗಳನ್ನು ಬಲ್ಲ ಮುದುಕರ ಕಂಠಗಳನ್ನು, ಅವು ಮೌನವಾಗುವ ಮುನ್ನ, ಧ್ವನಿಮುದ್ರಣ ಮಾಡಿಕೊಳ್ಳಬೇಕು. ಕಲಬುರಗಿಯಲ್ಲಿ ಆಕಾಶವಾಣಿಯಿದೆ, ವಿಶ್ವವಿದ್ಯಾನಿಲಯವಿದೆ. ಸಾಧನಗಳ ಕೊರತೆಯೆಂದು ಹೇಳುವಂತಿಲ್ಲ. ತರುಣರು ಆ ಹಿರಿಯರ ಬಳಿಯಲ್ಲಿ ಕುಳಿತು ಕಲಿಯಲಿ. ಅನಂತರ ಯಾವ ದೇಶದ ವಾದ್ಯವನ್ನು ಬೇಕಾದರೂ ಕೈಗೆತ್ತಿಕೊಳ್ಳಲಿ. ಅಧಿಕಾರಿಗಳೂ ಊರಿನ ಪ್ರಮುಖರೂ ಈ ಕಾರ್ಯಕ್ಕೆ ಮುಂದಿನ ಜಾತ್ರೆಯವರೆಗೆ ಕಾಯದೆ ಕೈಹಾಕುವರೆಂದು ನಂಬುತ್ತೇವೆ.