ನಿಮಿಷದ ಚದುರಂಗ

ಚದುರಂಗವೆಂದೊಡನೆ ಗಲ್ಲಕ್ಕೆ ಕೈಕೊಟ್ಟು ಗಂಟೆಗಟ್ಟಲೆ ಯೋಚಿಸುವವರ ಚಿತ್ರ ನಿಮ್ಮ ಕಣ್ಣ ಮುಂದೆ ಬರುತ್ತದಲ್ಲವೆ? ಅಂತರ್ಜಾಲದ ಪಂದ್ಯಗಳಲ್ಲಿ ಅಷ್ಟು ಬಿಡುವಿಲ್ಲ. ಒಬ್ಬೊಬ್ಬರಿಗೆ ಐದು ನಿಮಿಷ, ಮೂರು ನಿಮಿಷ, ಕಡೆಗೆ ಒಂದೇ ನಿಮಿಷ! ಮಣೆಯ ಮೇಲೆ ಗೆಲ್ಲುವ ಸ್ಥಿತಿಯಿದ್ದರೂ ವೇಳೆ ಮುಗಿದರೆ ಸೋತಂತೆಯೇ.

ಆಂಧ್ರದ ಕೊನೇರು ಹಂಪಿಯವರು 2002ರಲ್ಲಿ, ತಮ್ಮ ಹದಿನೈದನೆಯ ವಯಸ್ಸಿನಲ್ಲೇ, ಗ್ರ್ಯಾಂಡ್‌ಮಾಸ್ಟರ್ ಪದವಿ ಪಡೆದವರು. ಅವರದು ಸಾವಧಾನದ ಆಟ. ಚಿಕ್ಕದೊಂದು ಅನುಕೂಲವನ್ನು ಬಿಡದೆ ಹಿಡಿದು, ಕೊನೆಯ ಘಟ್ಟದಲ್ಲಿ ಎದುರಾಳಿಯನ್ನು ಕಟ್ಟಿಹಾಕುವ ರೀತಿ. ಮಗಳು ಹುಟ್ಟಿದ ಕಾಲದಲ್ಲಿ ಆಟದಿಂದ ದೂರವಿದ್ದು, ಮರಳಿ ಬಂದು, 2019ರಲ್ಲಿ ಮಹಿಳೆಯರ ವಿಶ್ವ ರ್‍ಯಾಪಿಡ್ ಪ್ರಶಸ್ತಿ ಗೆದ್ದರು. 2020ರ ಜುಲೈನಲ್ಲಿ, ಅಂತರ್ಜಾಲದ ಮಿಂಚಿನ ಆಟದಲ್ಲಿ, ಚೀನದ ಹೌ ಯಿಫಾನ್ ಅವರನ್ನು ಸೆಮಿಫೈನಲ್‌ನಲ್ಲಿ ಮಣಿಸಿದರು.

ಸಾವಧಾನಿಗೆ ಈ ವೇಗವೆಲ್ಲಿಂದ ಬರುತ್ತದೆ? ಬೆರಳಿನ ಚುರುಕು ಅದರಲ್ಲಿ ಸ್ವಲ್ಪವೇ. ನೂರಾರು ಬಾರಿ ಕಂಡ ಸ್ಥಿತಿಯನ್ನು ನೋಡಿದೊಡನೆ ಗುರುತಿಸುವವರಿಗೆ ಲೆಕ್ಕ ಹಾಕುವ ಕೆಲಸ ಕಡಮೆ. ನಿಧಾನದ ಅಭ್ಯಾಸವೇ ವೇಗದ ಬಂಡವಾಳ.

ಇನ್ನೊಂದು ತೊಡಕುಂಟು. ಮಳೆಗಾಲದಲ್ಲಿ ಮೇಗುಂದದ ಮನೆಗಳಲ್ಲಿ ಸಂಪರ್ಕ ಕಡಿಯುವುದು ನಿಮಗೆ ಹೊಸತಲ್ಲ; ಆದರೆ ಆಟದ ಗಡಿಯಾರ ಕಾಯುವುದಿಲ್ಲ. 2020ರ ಆಗಸ್ಟ್ 30ರಂದು ಅಂತರ್ಜಾಲ ಒಲಿಂಪಿಯಾಡ್‌ನ ಫೈನಲ್‌ನಲ್ಲಿ ಭಾರತದ ಆಟಗಾರರಿಗೂ ಹಾಗೆಯೇ ಆಯಿತು. ಕೊನೆಗೆ ಭಾರತ, ರಷ್ಯ ಎರಡಕ್ಕೂ ಚಿನ್ನ ಹಂಚಲಾಯಿತು.

ನಿಮ್ಮ ಮನೆಯ ಹುಡುಗಿ ಮೊಬೈಲಿನಲ್ಲಿ ಚದುರಂಗವಾಡುತ್ತಿದ್ದರೆ ತಡೆಯಬೇಡಿ. ಹತ್ತು ಆಟ ಆಡಿದ ಮೇಲೆ ಸೋತ ಒಂದನ್ನಾದರೂ ಮಣೆಯ ಮೇಲೆ ಹೂಡಿ, ಎಲ್ಲಿ ತಪ್ಪಿತೆಂದು ನಿಧಾನವಾಗಿ ನೋಡಲು ಹೇಳಿ. ಆಟ ಬೆಳೆಯುವುದು ಅಲ್ಲಿಯೇ.